ಸೋಲಾರ್‌ಗೆ ಜಮೀನು ಕೊಡಲೇಬೇಕು ಅಂತ ಕೇಂದ್ರದ ಕಾನೂನು ಇದೆಯಾ?

ಕುಷ್ಟಗಿ_ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ಅಪ್ಪನ ಹೆಸರಲ್ಲಿ ಎಂಟು ಎಕರೆ ಮಸಾರಿ (ಕೆಂಪು ಮಣ್ಣಿನ) ಹೊಲ ಇದೆ. ಪೂರ್ತಿ ಮಳೆ ನಂಬಿದ ಬೇಸಾಯ. ಸಜ್ಜೆ, ಹೆಸರು, ತೊಗರಿ ಹಾಕುತ್ತೇವೆ.

ಈಗ ಒಂದು ಕಂಪನಿ ಕಡೆಯ ಏಜೆಂಟ್ ಊರಿಗೆ ಓಡಾಡುತ್ತಿದ್ದಾನೆ. ಹೊಲ ಸೋಲಾರ್‌ಗೆ ಲೀಸ್‌ಗೆ ಕೊಡಿ ಅಂತ ಒಂದು ಕಡೆ, ಗಾಳಿ ಫ್ಯಾನಿನ (ವಿಂಡ್ ಮಿಲ್) ಕರೆಂಟ್ ಒಯ್ಯುವ ಲೈನಿನ ಟವರ್ ನಿಮ್ಮ ಬದುವಿನ ಹತ್ತಿರ ಬರುತ್ತದೆ, ಅದಕ್ಕೂ ಸಹಿ ಹಾಕಿ ಅಂತ ಇನ್ನೊಂದು ಕಡೆ. ಅಪ್ಪ ಯೋಚನೆ ಮಾಡಿ ಹೇಳುತ್ತೇನೆ ಅಂದರೆ, 'ನವೀಕರಿಸಬಹುದಾದ ಇಂಧನಕ್ಕೆ ದೆಹಲಿಯಲ್ಲಿ ಕಾನೂನು ಆಗಿದೆ, ಈಗ ಕೊಟ್ಟರೆ ಒಳ್ಳೆ ರೇಟು, ಇಲ್ಲ ಅಂದರೆ ನಾಳೆ ಸರ್ಕಾರವೇ ತಗೊಳ್ಳುತ್ತದೆ' ಅನ್ನುತ್ತಾನೆ. ಅಕ್ಕಪಕ್ಕದ ಹೊಲದವರು ಇದೇ ಮಾತಿಗೆ ಹೆದರಿ ಸಹಿ ಹಾಕಿದ್ದಾರೆ.

ನಾನು ಸೋಲಾರ್ ಬೇಡ, ಫ್ಯಾನ್ ಬೇಡ ಅನ್ನುವವನಲ್ಲ. ಒಳ್ಳೆ ಬಾಡಿಗೆ ಬಂದರೆ ಎರಡು ವರ್ಷಕ್ಕೊಮ್ಮೆ ಮಳೆ ಕೈಕೊಡುವ ನೆಲಕ್ಕೆ ಅದೂ ಒಂದು ದಾರಿಯೇ. ಆದರೆ ಅಂಥ ಕಾನೂನು ನಿಜವಾಗಿ ಇದೆಯಾ? ಇದ್ದರೆ ಅದರಲ್ಲಿ ನಮ್ಮಂಥವರ ಬಗ್ಗೆ ಏನು ಬರೆದಿದೆ? ಗೊತ್ತಿದ್ದವರು ಬಿಡಿಸಿ ಹೇಳಿ.


ಸಿಂಧನೂರು_ವಕೀಲೆ

ತಮ್ಮಾ, ಮೊದಲು ನೇರ ಉತ್ತರ. ಸೋಲಾರ್‌ಗೆ ಹೊಲ ಲೀಸ್ ಕೊಡಲೇಬೇಕು ಅನ್ನುವ ಕಾನೂನು ಈ ದೇಶದಲ್ಲಿ ಇಲ್ಲ. ಲೀಸ್ ಅನ್ನುವುದು ಇಬ್ಬರು ಒಪ್ಪಿ ಮಾಡುವ ಕರಾರು. ನಿಮ್ಮ ಅಪ್ಪ ಒಲ್ಲೆ ಅಂದರೆ ಅಲ್ಲಿಗೆ ಮುಗಿಯಿತು.

ಇನ್ನೊಂದು ಮಾತು ಜಾಸ್ತಿ ಜನಕ್ಕೆ ಗೊತ್ತಿಲ್ಲ. ನವೀಕರಿಸಬಹುದಾದ ಇಂಧನಕ್ಕೆ ಅಂತಲೇ ಪ್ರತ್ಯೇಕ ರಾಷ್ಟ್ರೀಯ ಕಾಯ್ದೆ ನಮ್ಮಲ್ಲಿ ಇವತ್ತಿಗೂ ಆಗಿಲ್ಲ. 2015ರಲ್ಲಿ ಕೇಂದ್ರದ ಇಲಾಖೆ ಒಂದು ಕರಡು ಹೊರಗೆ ಬಿಟ್ಟಿತ್ತು, ಜನರ ಅಭಿಪ್ರಾಯ ಕೇಳಿತ್ತು. ಅದು ಕಾಯ್ದೆ ಆಗಲೇ ಇಲ್ಲ. ಏಜೆಂಟ್ ಯಾವ ಕಾನೂನಿನ ಮಾತು ಆಡುತ್ತಾನೋ ಅದರ ಹೆಸರು, ವರ್ಷ, ಕಲಂ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಡಪ್ಪಾ ಅನ್ನಿ. ಅವನು ಕೊಡುವುದಿಲ್ಲ.

ಹಾಗಾದರೆ ಇರುವುದು ಏನು? ವಿದ್ಯುತ್ ಕಾಯ್ದೆ 2003. ಅದರ 86(1)(ಇ) ಕಲಂ ಇಡೀ ಆಟದ ಬುನಾದಿ. ಗಾಳಿ, ಬಿಸಿಲು, ಕಬ್ಬಿನ ಸಿಪ್ಪೆ ಇಂಥವುಗಳಿಂದ ತಯಾರಾಗುವ ವಿದ್ಯುತ್ತಿಗೆ ಗ್ರಿಡ್ ಸಂಪರ್ಕ ಸಿಗುವ ಹಾಗೆ ನೋಡಿಕೊಳ್ಳಬೇಕು, ವಿತರಣಾ ಕಂಪನಿಗಳು ಒಟ್ಟು ಬಳಕೆಯಲ್ಲಿ ಇಂತಿಷ್ಟು ಪಾಲು ಇದನ್ನೇ ಕೊಳ್ಳಲೇಬೇಕು ಅಂತ ರಾಜ್ಯದ ಆಯೋಗ ನಿಗದಿ ಮಾಡಬೇಕು ಅನ್ನುತ್ತದೆ. ನಮ್ಮ ಭಾಗದ ವಿತರಣಾ ಕಂಪನಿ ಜೆಸ್ಕಾಂಗೆ ಈ ಲೆಕ್ಕ ಹಾಕುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ಆಮೇಲೆ ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ತಂದರು, 2023ರ ಜನವರಿ 1ರಿಂದ ಜಾರಿ. ಅದರ ಕೆಳಗೆ ಹೊರಡಿಸಿದ ಅಧಿಸೂಚನೆ ಪ್ರಕಾರ ಈ ಪಾಲು 2024-25ರಲ್ಲಿ ಶೇ 29.91, ಏರುತ್ತಾ ಹೋಗಿ 2029-30ಕ್ಕೆ ಶೇ 43.33 ಆಗಬೇಕು.

ಗಮನಿಸಿ, ಇಲ್ಲೆಲ್ಲಾ ಕಡ್ಡಾಯ ಇರುವುದು ಕೊಳ್ಳುವವರಿಗೆ. ಹೊಲದ ಮಾಲೀಕನಿಗೆ ಒಂದು ಸಾಲಿನ ಕಡ್ಡಾಯವೂ ಇಲ್ಲ. ಒಂದು ಸಾಲಿನ ರಕ್ಷಣೆಯೂ ಇಲ್ಲ, ಅದು ಬೇರೆ ಮಾತು.

'ಸರ್ಕಾರವೇ ತಗೊಳ್ಳುತ್ತದೆ' ಅನ್ನುವುದು ಭೂಸ್ವಾಧೀನ. ಅದಕ್ಕೆ 2013ರ ಕಾಯ್ದೆ ಇದೆ. ಅಧಿಸೂಚನೆ ಹೊರಡಬೇಕು, ಆಕ್ಷೇಪಣೆಗೆ 60 ದಿನ ಕೊಡಬೇಕು, ಪರಿಹಾರ ನಿಗದಿ ಆಗಬೇಕು. ಖಾಸಗಿ ಕಂಪನಿಗಾಗಿ ಆದರೆ ಬಾಧಿತ ಕುಟುಂಬಗಳಲ್ಲಿ ಶೇ 80ರಷ್ಟು ಒಪ್ಪಿಗೆ ಬೇಕು ಅನ್ನುತ್ತದೆ ಮೂಲ ಕಾಯ್ದೆ. ರಾಜ್ಯಗಳು ಆಮೇಲೆ ಕೆಲವು ಯೋಜನೆಗಳಿಗೆ ವಿನಾಯಿತಿ ಮಾಡಿಕೊಂಡಿವೆ, ಕರ್ನಾಟಕವೂ ಸೇರಿ. ಆದರೂ ಏಜೆಂಟ್ ಬೈಕಿನಲ್ಲಿ ಬಂದು ಹೇಳಿ ಹೋಗುವ ಕೆಲಸ ಅಲ್ಲ ಅದು.

ಟವರ್ ಮಾತು ಮಾತ್ರ ಬೇರೆ, ಅಲ್ಲಿ ಹುಷಾರಾಗಿರಬೇಕು. ವಿದ್ಯುತ್ ಕಾಯ್ದೆಯ 164ನೇ ಕಲಂ ಪ್ರಕಾರ ಸರ್ಕಾರ ಲೈನ್ ಎಳೆಯುವವರಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಕೊಡಬಹುದು. ಹಾಗೆ ಕೊಟ್ಟರೆ ಮಾಲೀಕನ ಒಪ್ಪಿಗೆ ಇಲ್ಲದೆಯೂ ಟವರ್ ನಿಲ್ಲಿಸಬಹುದು. ನೀವು ತಡೆದರೆ ಜಿಲ್ಲಾಧಿಕಾರಿ ಅನುಮತಿ ಕೊಡಬಹುದು. ಪರಿಹಾರ ಸಾಲದು ಅನಿಸಿದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು. ಆದರೆ ಈ ಅಧಿಕಾರ ಎಲ್ಲ ಕಂಪನಿಗೂ ತಾನಾಗಿ ಬರುವುದಿಲ್ಲ. ಅದಕ್ಕೆ ಆದೇಶ ಬೇಕು. ಹಾಗಾಗಿ ಮೊದಲು ಕೇಳಬೇಕಾದದ್ದು ಇದೇ: 164ರ ಆದೇಶದ ಪ್ರತಿ ತೋರಿಸಿ.


ಶಕ್ತಿನಗರ_ನಿವೃತ್ತ

ವಕೀಲೆ ಮೇಡಂ ಹೇಳಿದ್ದು ಸರಿ ಇದೆ. ನಾನು ಕರೆಂಟಿನ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಈ ಕಾನೂನುಗಳು ಸುಮ್ನೆ ಬಂದದ್ದಲ್ಲ. ನಮ್ಮ ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಆರ್‌ಟಿಪಿಎಸ್ 1985ರಲ್ಲಿ ಶುರುವಾಯಿತು, ಈಗ 1720 ಮೆಗಾವ್ಯಾಟ್. ಬಳ್ಳಾರಿ ಕುಡಿತಿನಿಯಲ್ಲಿ 1700, ಯರಮರಸ್‌ನಲ್ಲಿ 1600. ಮೂರೂ ಸೇರಿ ಐದು ಸಾವಿರ ಮೆಗಾವ್ಯಾಟ್ ಆಯಿತು, ಎಲ್ಲಾ ಕಲ್ಲಿದ್ದಲು. ಕಲ್ಲಿದ್ದಲು ನಮ್ಮ ರಾಜ್ಯದಲ್ಲಿ ಒಂದು ಬುಟ್ಟಿಯೂ ಸಿಗುವುದಿಲ್ಲ, ರೈಲಿನಲ್ಲಿ ಬೇರೆ ರಾಜ್ಯದಿಂದ ಬರಬೇಕು. ಹಾರುಬೂದಿ ಮಾತ್ರ ನಮ್ಮ ಪಾಲಿಗೆ. ಶಕ್ತಿನಗರದ ಸುತ್ತಲಿನ ಹಳ್ಳಿಗಳಲ್ಲಿ ಬೇಸಿಗೆ ಗಾಳಿ ಬಿಟ್ಟರೆ ಒಗೆದ ಬಟ್ಟೆ ಹೊರಗೆ ಹಾಕುವ ಹಾಗಿಲ್ಲ. ಕೃಷ್ಣೆಯ ನೀರು ಎಷ್ಟು ಬೇಕು ಅನ್ನುವುದೂ ಅಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಹಾಗಾಗಿ ಗಾಳಿ, ಬಿಸಿಲಿನ ಕರೆಂಟ್ ಕೊಳ್ಳಲೇಬೇಕು ಅಂತ ಕಾನೂನು ಮಾಡಿದ್ದು ನನ್ನ ಪ್ರಕಾರ ಇಪ್ಪತ್ತು ವರ್ಷದಲ್ಲಿ ಈ ಕ್ಷೇತ್ರದಲ್ಲಿ ಆದ ಅತಿ ಒಳ್ಳೆಯ ಕೆಲಸ. ಆ ಕಡ್ಡಾಯ ಇಲ್ಲದಿದ್ದರೆ 2005ರ ಹೊತ್ತಿನಲ್ಲಿ ಯಾವ ವಿತರಣಾ ಕಂಪನಿಯೂ ಸೋಲಾರ್ ಕಡೆ ತಿರುಗಿ ನೋಡುತ್ತಿರಲಿಲ್ಲ, ಅಷ್ಟು ದುಬಾರಿ ಇತ್ತು. ಕೊಳ್ಳುವವರು ಖಾತ್ರಿ ಆದ ಮೇಲೆ ಬ್ಯಾಂಕುಗಳು ಸಾಲ ಕೊಟ್ಟವು, ಪ್ಯಾನಲ್ ಬೆಲೆ ಇಳಿಯಿತು, ಈಗ ಟೆಂಡರ್‌ಗಳಲ್ಲಿ ಯೂನಿಟ್‌ಗೆ ಎರಡೂವರೆ ರೂಪಾಯಿ ಆಸುಪಾಸಿಗೆ ಬರುತ್ತಿದೆ. 2025ರ ಜೂನ್ ಹೊತ್ತಿಗೆ ದೇಶದ ಒಟ್ಟು ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು, ಗ್ಯಾಸ್ ಬಿಟ್ಟ ಮೂಲಗಳದ್ದೇ ಆಯಿತು. ಪ್ಯಾರಿಸ್ ಒಪ್ಪಂದಕ್ಕೆ 2030ರ ಗುರಿ ಅಂತ ಕೊಟ್ಟಿದ್ದು ಅದು.

ಈಗ ಕುಷ್ಟಗಿ ತಮ್ಮನ ವಿಷಯ. ನಿಮ್ಮ ಕಡೆ ಇಷ್ಟೊಂದು ಕಂಪನಿ ಯಾಕೆ ಬರುತ್ತಿವೆ ಅಂದರೆ, ಕುಷ್ಟಗಿ, ಯಲಬುರ್ಗಾ, ಕುಕನೂರು, ಆಚೆ ಗದಗ, ಈ ಪಟ್ಟಿಯಲ್ಲಿ ಗಾಳಿ ಒಳ್ಳೆಯದಿದೆ. ಗದಗ, ಕೊಪ್ಪಳ ಎರಡೂ ಕಡೆ ಅಂತರರಾಜ್ಯ ಗ್ರಿಡ್‌ಗೆ ಸೇರುವ ದೊಡ್ಡ ಸ್ಟೇಷನ್‌ಗಳು ಬಂದಿವೆ. ರಾಯಚೂರು-ಸೋಲಾಪುರ 765 ಕೆವಿ (ಕಿಲೋವೋಲ್ಟ್) ಲೈನ್ 2013ರ ಡಿಸೆಂಬರ್ 31ರಂದು ಚಾಲೂ ಆದ ಮೇಲೆ ದಕ್ಷಿಣದ ಗ್ರಿಡ್ ದೇಶದ ಗ್ರಿಡ್ ಜೊತೆ ಒಂದಾಯಿತು. ಜೊತೆಗೆ 2025ರ ಜೂನ್ 30ರೊಳಗೆ ಚಾಲೂ ಆದ ಯೋಜನೆಗಳಿಗೆ ಅಂತರರಾಜ್ಯ ಸಾಗಣೆ ಶುಲ್ಕ ಪೂರ್ತಿ ಮಾಫಿ ಇತ್ತು, ಆಮೇಲಿನವಕ್ಕೆ ಆ ಮಾಫಿ ಹಂತ ಹಂತವಾಗಿ ಕಡಿಮೆ ಆಗುತ್ತದೆ. ಅಂದರೆ ಯಲಬುರ್ಗಾದ ಗಾಳಿಯಿಂದ ಬಂದ ಕರೆಂಟನ್ನು ಬೇರೆ ರಾಜ್ಯಕ್ಕೆ ಮಾರಿದರೂ ಸಾಗಣೆ ಖರ್ಚು ತಟ್ಟುತ್ತಿರಲಿಲ್ಲ. ಕಾನೂನು ಕಂಪನಿಗೆ ದಾರಿ ಎಷ್ಟು ಸಲೀಸು ಮಾಡಿದೆ ನೋಡಿ. ಇದನ್ನು ತಿಳಿದುಕೊಂಡು ರೇಟು ಮಾತಾಡಿ. ಅವರಿಗೆ ನಿಮ್ಮ ಹೊಲ ಬೇಕೇ ಬೇಕು.

ಒಂದು ಅಂದಾಜು ಲೆಕ್ಕ. ಒಂದು ಮೆಗಾವ್ಯಾಟ್ ಸೋಲಾರ್‌ಗೆ ನಾಲ್ಕರಿಂದ ಐದು ಎಕರೆ ಬೇಕು. ನಮ್ಮ ಬಿಸಿಲಿಗೆ ವರ್ಷಕ್ಕೆ ಸುಮಾರು 16 ಲಕ್ಷ ಯೂನಿಟ್ ಬರುತ್ತದೆ. ಎರಡೂವರೆ ರೂಪಾಯಿ ಹಿಡಿದರೆ 40 ಲಕ್ಷ ರೂಪಾಯಿ. ಹಾಕಿದ ಬಂಡವಾಳವೂ ಕೋಟಿಗಟ್ಟಲೆ ಇರುತ್ತದೆ, ಬ್ಯಾಂಕಿನ ಬಡ್ಡಿ ಇರುತ್ತದೆ, ಅದನ್ನು ಮರೆಯಬಾರದು. ಆದರೂ ಎಕರೆಗೆ ಎಷ್ಟು ಕೇಳಿದರೆ ನ್ಯಾಯ ಅನ್ನುವುದಕ್ಕೆ ಈ ಲೆಕ್ಕ ತಲೆಯಲ್ಲಿರಲಿ.


ಗಂಗಾವತಿ_ರೈತ

ನಮ್ಮ ಗದ್ದೆಯಲ್ಲಿ ಟವರ್ ಇದೆ, ಹಾಗಾಗಿ ಟವರ್ ಬಗ್ಗೆ ಮಾತ್ರ ಹೇಳುತ್ತೇನೆ.

ಅಡಿಪಾಯ ತೋಡುವಾಗ ಒಂದು ಸಲ, ಕಬ್ಬಿಣ ನಿಲ್ಲಿಸುವಾಗ ಒಂದು ಸಲ, ತಂತಿ ಎಳೆಯುವಾಗ ಒಂದು ಸಲ, ಹೀಗೆ ಮೂರು ಸಲ ಬೆಳೆ ಹಾಳಾಗುತ್ತದೆ. ಅವರು ಒಂದೇ ಸಲದ ಬೆಳೆ ಪರಿಹಾರ ಕೊಟ್ಟು ಮುಗಿಸಲು ನೋಡುತ್ತಾರೆ. ಪ್ರತಿ ಸಲ ಮೊಬೈಲಿನಲ್ಲಿ ಫೋಟೊ ತೆಗೆದಿಡಿ, ಗ್ರಾಮ ಆಡಳಿತಾಧಿಕಾರಿಯನ್ನು ಕರೆಸಿ ಪಂಚನಾಮೆ ಮಾಡಿಸಿ.

ಬೆಳೆ ಪರಿಹಾರವೇ ಬೇರೆ, ಜಮೀನಿನ ಪರಿಹಾರವೇ ಬೇರೆ, ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಕೇಂದ್ರ ವಿದ್ಯುತ್ ಸಚಿವಾಲಯ 2015ರಲ್ಲಿ ಮಾರ್ಗಸೂಚಿ ಮಾಡಿತ್ತು: ಟವರಿನ ನಾಲ್ಕು ಕಾಲಿನ ನಡುವಿನ ಜಾಗಕ್ಕೆ ಜಮೀನಿನ ಬೆಲೆಯ ಶೇ 85, ತಂತಿ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ 15. ಅದನ್ನು 2024ರ ಜೂನ್‌ನಲ್ಲಿ ಬದಲಾಯಿಸಿ ಟವರ್ ಜಾಗಕ್ಕೆ ಶೇ 200, ತಂತಿ ಕೆಳಗಿನ ಪಟ್ಟಿಗೆ ಶೇ 30 ಮಾಡಿದ್ದಾರೆ. ಏಜೆಂಟರು ಈಗಲೂ ಹಳೆಯ ಲೆಕ್ಕವನ್ನೇ ಹೇಳುತ್ತಾರೆ. ತಂತಿ ಕೆಳಗೆ ತೆಂಗು ಬೆಳೆಸುವ ಹಾಗಿಲ್ಲ, ಮನೆ ಕಟ್ಟುವ ಹಾಗಿಲ್ಲ, ಹೊಲ ಮಾರಲು ಹೋದರೆ ಕೊಳ್ಳುವವನು ಮೊದಲು ಮೇಲೆ ನೋಡುತ್ತಾನೆ. ಆ ನಷ್ಟಕ್ಕೆ ಕೊಡುವ ದುಡ್ಡು ಅದು.


ಸಿಂಧನೂರು_ವಕೀಲೆ

ಅಣ್ಣಾ, ಬಹಳ ಒಳ್ಳೆ ಮಾಹಿತಿ ಕೊಟ್ಟಿರಿ. ಎರಡು ಮಾತು ಸೇರಿಸುತ್ತೇನೆ. ಅದು ಮಾರ್ಗಸೂಚಿ, ಕಾಯ್ದೆಯ ಕಲಂ ಅಲ್ಲ. ರಾಜ್ಯಗಳು ಹಾಗೇ ಒಪ್ಪಿಕೊಳ್ಳಬಹುದು, ತಮ್ಮದೇ ಮಾಡಿಕೊಳ್ಳಬಹುದು. ಇನ್ನೊಂದು, ಅದು 66 ಕೆವಿ ಮತ್ತು ಅದಕ್ಕಿಂತ ದೊಡ್ಡ ಲೈನ್‌ಗಳಿಗೆ ಮಾತ್ರ. ಫ್ಯಾನಿನಿಂದ ಫ್ಯಾನಿಗೆ, ಫ್ಯಾನಿನಿಂದ ಕಂಪನಿಯ ಸ್ಟೇಷನ್‌ಗೆ ಹೋಗುವ ಲೈನ್ ಸಾಮಾನ್ಯವಾಗಿ 33 ಕೆವಿ ಇರುತ್ತದೆ, ಅದಕ್ಕೆ ಇದು ಅನ್ವಯ ಆಗುವುದಿಲ್ಲ. ಅಲ್ಲಿ ಎಲ್ಲಾ ನಿಮ್ಮ ಚೌಕಾಸಿ ಮೇಲೆ. ಹಾಗಾಗಿ ಕುಷ್ಟಗಿ ತಮ್ಮಾ, ನಿಮ್ಮ ಬದುವಿಗೆ ಬರುವುದು ಎಷ್ಟು ಕೆವಿ ಲೈನ್ ಅಂತ ತಿಳಿದುಕೊಳ್ಳುವುದು ತುಂಬಾ ಮುಖ್ಯ.


ಸಂಡೂರು_ಮಂಜು

ಎಲ್ಲರ ಮಾತೂ ಓದಿದೆ. ಎಲ್ಲರೂ ಹೊಲದ ಮಾಲೀಕನ ಬಗ್ಗೆ ಮಾತಾಡಿದ್ದೀರಿ. ಊರಿನ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಅದೇ ದೊಡ್ಡ ಮಾತು ಅನಿಸುತ್ತದೆ, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಾನು ಗಣಿ ಊರಿನವನು. ನಮ್ಮ ಗುಡ್ಡ ಹೋದದ್ದು, ಕೆಂಪು ಧೂಳು ಕುಡಿದದ್ದು, ರಸ್ತೆ ಹಾಳಾದದ್ದು ಎಲ್ಲರಿಗೂ ಗೊತ್ತು. ಎಷ್ಟೋ ವರ್ಷ ನಮಗೆ ಏನೂ ಸಿಗಲಿಲ್ಲ. 2015ರಲ್ಲಿ ಗಣಿ ಮತ್ತು ಖನಿಜ ಕಾಯ್ದೆಗೆ ತಿದ್ದುಪಡಿ ತಂದು ಜಿಲ್ಲಾ ಖನಿಜ ಪ್ರತಿಷ್ಠಾನ ಮಾಡಿದರು, ನಾವು ಡಿಎಂಎಫ್ ಅನ್ನುತ್ತೇವಲ್ಲ ಅದು. ಹಳೆಯ ಗುತ್ತಿಗೆ ಆದರೆ ರಾಜಧನದ (ರಾಯಲ್ಟಿ) ಶೇ 30, ಹರಾಜಿನಲ್ಲಿ ಪಡೆದ ಗಣಿ ಆದರೆ ಶೇ 10 ಅಷ್ಟು ಹಣ ಹೆಚ್ಚುವರಿಯಾಗಿ ಕಟ್ಟಬೇಕು, ಅದು ಗಣಿ ಬಾಧಿತ ಜನರಿಗೇ ಖರ್ಚಾಗಬೇಕು ಅಂತ ಕಾಯ್ದೆಯಲ್ಲೇ ಬರೆದರು. ಆ ದುಡ್ಡು ಹೇಗೆ ಖರ್ಚಾಗುತ್ತಿದೆ ಅನ್ನುವ ಬಗ್ಗೆ ನನಗೆ ತುಂಬಾ ಸಿಟ್ಟಿದೆ, ಅದಕ್ಕೆ ಬೇರೆ ಚರ್ಚೆಯೇ ಬೇಕು. ಆದರೆ ಹಕ್ಕು ಅಂತ ಕಾಗದದ ಮೇಲೆ ಇದೆ. ನಾವು ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಮೇಜು ತಟ್ಟಿ ಕೇಳಬಹುದು.

ಜಲವಿದ್ಯುತ್ತಿಗೂ ಹಾಗೇ. 2008ರ ಜಲವಿದ್ಯುತ್ ನೀತಿಯಲ್ಲಿ ಯೋಜನೆ ಇರುವ ರಾಜ್ಯಕ್ಕೆ ಶೇ 12 ಉಚಿತ ವಿದ್ಯುತ್, ಅದರ ಮೇಲೆ ಶೇ 1 ಸ್ಥಳೀಯ ಪ್ರದೇಶದ ಅಭಿವೃದ್ಧಿಗೆ ಅಂತ ಇಟ್ಟಿದ್ದಾರೆ.

ಹಾಗಾದರೆ ಗಾಳಿಗೆ ಏನು? ಬಿಸಿಲಿಗೆ ಏನು? ರಾಷ್ಟ್ರೀಯ ಮಟ್ಟದಲ್ಲಿ ಊರಿನ ಪಾಲು ಅಂತ ಯಾವ ಕಾಯ್ದೆಯಲ್ಲೂ ಬರೆದಿಲ್ಲ. ವಿದ್ಯುತ್ ಕಾಯ್ದೆಯನ್ನು ಮೇಲಿಂದ ಕೆಳಗೆ ಓದಿ. ಉತ್ಪಾದಕ, ಪರವಾನಗಿದಾರ, ಗ್ರಾಹಕ, ಆಯೋಗ, ಹೆಚ್ಚಾಗಿ ಈ ನಾಲ್ವರೇ ಸಿಗುತ್ತಾರೆ. ಯಾವ ನೆಲದ ಮೇಲೆ ಫ್ಯಾನ್ ನಿಂತಿದೆಯೋ ಆ ಊರು ಅಲ್ಲಿ ಕಾಣುವುದಿಲ್ಲ. ಪರಿಸರ ಅನುಮತಿಯ 2006ರ ಅಧಿಸೂಚನೆಯ ಪಟ್ಟಿಯಲ್ಲೂ ಗಾಳಿ, ಸೋಲಾರ್ ಯೋಜನೆಗಳು ಇಲ್ಲ. ಅಂದರೆ ಗಣಿಗೋ ಉಕ್ಕಿನ ಕಾರ್ಖಾನೆಗೋ ನಡೆಯುವಂಥ ಸಾರ್ವಜನಿಕ ಅಹವಾಲು ಸಭೆ ಇಲ್ಲಿ ನಡೆಯುವುದೇ ಇಲ್ಲ. ಹೊಗೆ ಇಲ್ಲ, ಬೂದಿ ಇಲ್ಲ, ಸರಿ. ಆದರೆ ಊರಿನವರು ಒಂದು ಕಡೆ ಕೂತು ಕೇಳುವ ಒಂದೇ ಒಂದು ವೇದಿಕೆಯೂ ಇಲ್ಲದ ಹಾಗೆ ಆಯಿತು.

ಪಾವಗಡ ನೋಡಿ. ಹದಿಮೂರು ಸಾವಿರ ಎಕರೆ, 2050 ಮೆಗಾವ್ಯಾಟ್. ರೈತರ ಜಮೀನು ಕೊಳ್ಳದೆ ಲೀಸ್‌ಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಬರ ಬಿದ್ದ ಊರುಗಳಿಗೆ ಅದು ದೊಡ್ಡ ಆಸರೆ ಆಯಿತು, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಬಾಡಿಗೆ ಬಂದದ್ದು ಪಹಣಿ ಇದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳಿಗೆ ಕೂಲಿ ಹೋಯಿತು. ಕುರಿ ಮೇಯಿಸುವವರಿಗೆ ಬೇಲಿ ಬಂತು. ಅವರ ಹೆಸರು ಯಾವ ಕರಾರಿನಲ್ಲೂ ಇಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯೂ ಕುರಿ ಕಾಯುವ ಮನೆಗಳು ಎಷ್ಟಿವೆ ಅಂತ ನಿಮಗೇ ಗೊತ್ತಲ್ವಾ.

ಬೇರೆ ದೇಶಗಳು ಇದನ್ನು ಕಾನೂನಿನಲ್ಲೇ ಸರಿ ಮಾಡಲು ನೋಡಿವೆ. ಡೆನ್ಮಾರ್ಕ್ 2008ರಲ್ಲಿ ಮಾಡಿದ ಕಾಯ್ದೆಯಲ್ಲಿ, ಹೊಸ ಗಾಳಿ ಯಂತ್ರ ನಿಲ್ಲಿಸುವ ಕಂಪನಿ ಕನಿಷ್ಠ ಶೇ 20 ಪಾಲನ್ನು ನಾಲ್ಕೂವರೆ ಕಿಲೋಮೀಟರ್ ಒಳಗಿನ ನಿವಾಸಿಗಳಿಗೆ ಮೊದಲು ಕೊಳ್ಳಲು ಕೊಡಬೇಕು ಅಂತ ಇತ್ತು. 2020ರಲ್ಲಿ ಅದನ್ನು ತೆಗೆದು ಅಕ್ಕಪಕ್ಕದವರಿಗೆ ಬೇರೆ ರೀತಿಯಲ್ಲಿ ಹಣ ಹೋಗುವ ವ್ಯವಸ್ಥೆ ತಂದರು. ಜರ್ಮನಿಯಲ್ಲಿ 2000ದಿಂದ ನವೀಕರಿಸಬಹುದಾದ ಇಂಧನ ಕಾಯ್ದೆ ಇದೆ. ಅದಕ್ಕೆ ಇತ್ತೀಚೆಗೆ ಮಾಡಿದ ತಿದ್ದುಪಡಿಗಳಲ್ಲಿ ಗಾಳಿ ಯಂತ್ರದ ಎರಡೂವರೆ ಕಿಲೋಮೀಟರ್ ಒಳಗಿನ ಸ್ಥಳೀಯ ಆಡಳಿತಕ್ಕೆ ಯೂನಿಟ್‌ಗೆ 0.2 ಸೆಂಟ್ ವರೆಗೆ ಕೊಡುವ ದಾರಿ ಮಾಡಿದ್ದಾರೆ, ನಮ್ಮ ದುಡ್ಡಿನಲ್ಲಿ ಹತ್ತಿರ ಹತ್ತಿರ 20 ಪೈಸೆ.

ನಾವು 20 ಪೈಸೆ ಕೇಳುವುದು ಬೇಡ. 5 ಪೈಸೆ ಕೇಳೋಣ. ಎರಡು ಮೆಗಾವ್ಯಾಟಿನ ಒಂದು ಫ್ಯಾನ್ ವರ್ಷದ ಸರಾಸರಿ ತನ್ನ ಶಕ್ತಿಯ ಕಾಲು ಭಾಗ ಓಡಿದರೂ ಸುಮಾರು 44 ಲಕ್ಷ ಯೂನಿಟ್ ಆಗುತ್ತದೆ. 5 ಪೈಸೆ ಅಂದರೆ 2 ಲಕ್ಷ ರೂಪಾಯಿ ಮೇಲೆ. ಒಂದು ಪಂಚಾಯತಿ ವ್ಯಾಪ್ತಿಯಲ್ಲಿ ಇಪ್ಪತ್ತು ಫ್ಯಾನ್ ಇದ್ದರೆ ವರ್ಷಕ್ಕೆ 40 ಲಕ್ಷದ ಮೇಲೆ. ಪ್ರತಿ ವರ್ಷ. ಶಾಲೆಗೆ ಎಷ್ಟು ಕೋಣೆ ಆಗುತ್ತದೆ, ಕೆರೆ ಹೂಳು ಎಷ್ಟು ತೆಗೆಸಬಹುದು, ಲೆಕ್ಕ ಹಾಕಿ. ವಿದ್ಯುತ್ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಆದರೆ ಒಂದು ರಾಜ್ಯ ಮಾತ್ರ ಹಾಕಿದರೆ ಕಂಪನಿ ಪಕ್ಕದ ರಾಜ್ಯಕ್ಕೆ ಹೋಗುತ್ತೇನೆ ಅನ್ನುತ್ತದೆ. ಅದಕ್ಕೇ ಇದು ರಾಷ್ಟ್ರೀಯ ಕಾಯ್ದೆಯಲ್ಲೇ ಬರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಮೂರು ಜಿಲ್ಲೆಯ ಸಂಸದರು ಲೋಕಸಭೆಯಲ್ಲಿ ಇದನ್ನು ಕೇಳಬೇಕು. ಕೇಳುವ ಹಾಗೆ ನಾವು ಮಾಡಬೇಕು.


ಶಕ್ತಿನಗರ_ನಿವೃತ್ತ

ಮಂಜು, ನಿನ್ನ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ, ಒಂದು ಎಚ್ಚರಿಕೆ ಮಾತ್ರ. 5 ಪೈಸೆ ಕೊನೆಗೆ ಬಿಲ್ಲಿನಲ್ಲಿ ಗ್ರಾಹಕನ ಮೇಲೇ ಬರುತ್ತದೆ. ಬೆಂಗಳೂರಿನವನೋ ದೆಹಲಿಯವನೋ ಕೊಡಲಿ, ತೊಂದರೆ ಇಲ್ಲ, ಊರಿನ ನೆಲ ಬಳಸಿದ್ದಕ್ಕೆ ಅದು ನ್ಯಾಯವೇ. ಆದರೆ ಹಳೆಯ ಕರಾರುಗಳಲ್ಲಿ ದರ 25 ವರ್ಷಕ್ಕೆ ಕಟ್ಟಿ ಹಾಕಿರುತ್ತಾರೆ. ಅವಕ್ಕೆ ಹೇಗೆ ಅನ್ವಯಿಸುವುದು ಅನ್ನುವುದನ್ನು ಕಾಯ್ದೆಯಲ್ಲೇ ಸ್ಪಷ್ಟ ಬರೆಯಬೇಕು, ಇಲ್ಲ ಅಂದರೆ ಎಲ್ಲಾ ಕೋರ್ಟಿಗೆ ಹೋಗಿ ಕೂರುತ್ತದೆ.


ಸಿರುಗುಪ್ಪ_ಎರೆನೆಲ

ಒಂದು ಚಿಕ್ಕ ಮಾತು. ಸಿರುಗುಪ್ಪದ ಹುಲ್ಲುಗಾವಲಿನಲ್ಲಿ ಎರೆಭೂತ ಹಕ್ಕಿ ಇದೆ, ನಮ್ಮ ರಾಜ್ಯದಲ್ಲಿ ಅದು ಉಳಿದಿರುವುದೇ ಬೆರಳೆಣಿಕೆಯಷ್ಟು. ದೊಡ್ಡ ಮೈಯ ಹಕ್ಕಿ, ಮುಂದಿನ ತಂತಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಹಾರುವಾಗ ಬಡಿದು ಸಾಯುತ್ತದೆ. ರಾಜಸ್ಥಾನ, ಗುಜರಾತಿನ ಎರೆಭೂತಗಳಿಗಾಗಿ ತಂತಿ ನೆಲದೊಳಗೆ ಹಾಕಿ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತ್ತು. 2024ರ ಮಾರ್ಚ್‌ನಲ್ಲಿ ಆ ಆದೇಶ ಸಡಿಲಿಸಿ ತಜ್ಞರ ಸಮಿತಿ ಮಾಡಿತು. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮದಿಂದ ರಕ್ಷಣೆ ಪಡೆಯುವುದೂ ಜನರ ಹಕ್ಕು ಅಂತ ಅದೇ ತೀರ್ಪಿನಲ್ಲಿ ಹೇಳಿತು. ಎರಡೂ ಬೇಕು. ಎಲ್ಲಿ ಫ್ಯಾನ್ ಹಾಕಬಹುದು, ಎಲ್ಲಿ ಹಾಕಬಾರದು ಅಂತ ಮೊದಲೇ ನಕ್ಷೆ ಮಾಡುವುದು ಕಾನೂನಿನಲ್ಲೇ ಇದ್ದರೆ ಹೀಗೆ ಕೋರ್ಟಿನ ತನಕ ಹೋಗಬೇಕಿರಲಿಲ್ಲ.


ಬಳ್ಳಾರಿ_ಬಿಸಿಲು

ಇಲ್ಲಿ ಎಲ್ಲರೂ ದೊಡ್ಡ ಯೋಜನೆ ಮಾತಾಡುತ್ತಿದ್ದೀರಿ. ಮನೆ ಮಾಳಿಗೆ ಮೇಲೆ ಹಾಕುವವರಿಗೆ ಕಾನೂನು ಏನು ಹೇಳುತ್ತದೆ ಅಂತ ಯಾರಾದರೂ ಕೇಳುತ್ತಾರೆ, ಅದಕ್ಕೆ ನಾನೇ ಬರೆಯುತ್ತೇನೆ. ನಾವು ಬಳ್ಳಾರಿಯಲ್ಲಿ ಮೂರು ಕಿಲೋವ್ಯಾಟ್ ಹಾಕಿಸಿದ್ದೇವೆ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಹಾಯಧನ ಇದೆ. ಆದರೆ ಮೀಟರ್ ಬದಲಾಯಿಸಲು ಕಚೇರಿಗೆ ಅಲೆದಾಡಿಸಿದರು. ತಾಂತ್ರಿಕ ಪರಿಶೀಲನೆ ಆಗಬೇಕು, ಸಾಹೇಬರು ರಜೆ, ನಾಳೆ ಬನ್ನಿ ಅಂತ.

ಆಮೇಲೆ ಗೊತ್ತಾಯಿತು. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ಅಂತ 2020ರದ್ದು ಇದೆ, 2024ರ ಫೆಬ್ರವರಿಯಲ್ಲಿ ಅದನ್ನು ತಿದ್ದಿ 10 ಕಿಲೋವ್ಯಾಟ್ ವರೆಗಿನ ಮನೆ ಸೋಲಾರ್ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಕಿಲ್ಲ, ಅರ್ಜಿ ಒಪ್ಪಿದಂತೆಯೇ ಲೆಕ್ಕ ಅಂತ ಮಾಡಿದ್ದಾರೆ. ಆ ನಿಯಮ ಪ್ರಿಂಟ್ ತೆಗೆದು ಅರ್ಜಿ ಜೊತೆ ಪಿನ್ ಮಾಡಿ ಕೊಟ್ಟೆ, ಕೆಲಸ ಆಯಿತು. ಎಲ್ಲರೂ ಹಾಗೇ ಮಾಡಿ.

ಗೃಹಜ್ಯೋತಿಯಲ್ಲಿ 200 ಯೂನಿಟ್ ತನಕ ಬಿಲ್ ಬರದವರಿಗೆ ಸೋಲಾರ್ ಬೇಕು ಅನಿಸುವುದಿಲ್ಲ, ಅದು ಸಹಜ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಬಳ್ಳಾರಿಯಲ್ಲಿ ಕೂಲರ್, ಫ್ರಿಜ್ ಓಡಿಸುವ ಮನೆಯವರು ಒಮ್ಮೆ ಲೆಕ್ಕ ಹಾಕಿ ನೋಡಿ.


ಕುಷ್ಟಗಿ_ಹುಡುಗ

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಕೇಳಿದ್ದು ಎರಡು. ಒಂದು, ಲೀಸ್ ಕೊಟ್ಟರೆ ಕಾಗದದಲ್ಲಿ ಏನೇನು ಇರಬೇಕು? ಎರಡು, ಹೊಲ ಪೂರ್ತಿ ಕಂಪನಿಗೆ ಬಿಟ್ಟುಕೊಡದೆ ನಾವೇ ಸೋಲಾರ್ ಹಾಕುವ ದಾರಿ ಇದೆಯಾ? ಮತ್ತೆ, ಏಜೆಂಟ್ ಒಂದು ಬಾಂಡ್ ಪೇಪರ್ ಕೊಟ್ಟು ಹೋಗಿದ್ದಾನೆ. ಅದರಲ್ಲಿ ಸರ್ವೆ ನಂಬರ್ ಬಿಟ್ಟರೆ ಉಳಿದದ್ದು ಖಾಲಿ ಇದೆ.


ಸಿಂಧನೂರು_ವಕೀಲೆ

ಖಾಲಿ ಪೇಪರ್‌ಗೆ ಸಹಿ ಬೇಡವೇ ಬೇಡ. ಅದನ್ನು ವಾಪಸ್ ಕೊಡಿ, ಕೊಡುವ ಮೊದಲು ಫೋಟೊ ತೆಗೆದಿಡಿ.

ಕಾಗದದ ವಿಷಯ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ನೋಂದಣಿ ಆಗಲೇಬೇಕು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ನೋಟರಿ ಮಾಡಿಸಿದ ಬಾಂಡ್ ಸಾಲದು. ಕನ್ನಡದಲ್ಲೇ ಬರೆಸಿ, ಅಪ್ಪ ಓದಿ ಅರ್ಥ ಮಾಡಿಕೊಂಡ ಮೇಲೆ ಸಹಿ. ಬಾಡಿಗೆ ಏರಿಕೆ ಎಷ್ಟು ವರ್ಷಕ್ಕೊಮ್ಮೆ, ಎಷ್ಟು ಅಂತ ಅಂಕಿಯಲ್ಲಿ ಇರಲಿ. ಬಾಡಿಗೆ ತಡವಾದರೆ ಬಡ್ಡಿ, ಇಷ್ಟು ತಿಂಗಳು ಬರದಿದ್ದರೆ ಲೀಸ್ ರದ್ದು ಅಂತಲೂ ಇರಲಿ. ಕಂಪನಿ ಕೈ ಬದಲಾಗುವುದು ಈ ವ್ಯವಹಾರದಲ್ಲಿ ಮಾಮೂಲು. ಇವತ್ತು ಒಂದು ಹೆಸರು, ಮೂರು ವರ್ಷಕ್ಕೆ ಇನ್ನೊಂದು ಹೆಸರು. ಹೊಸಬರು ಬಂದರೂ ಹಳೆಯ ಷರತ್ತೇ ಅಂತ ಬರೆಸಿ. ನಿಮ್ಮ ಜಮೀನನ್ನೇ ಬ್ಯಾಂಕಿಗೆ ಅಡವಿಡುವ ಅಧಿಕಾರ ಕೊಡಬೇಡಿ, ಅವರು ತಮ್ಮ ಯಂತ್ರ, ತಮ್ಮ ಲೀಸ್ ಹಕ್ಕು ಇಡಲಿ.

ಎಲ್ಲರೂ ಮರೆಯುವುದು ಕೊನೆಯ ದಿನ. 25 ವರ್ಷ ಆದ ಮೇಲೆ ಕಬ್ಬಿಣ, ಕಾಂಕ್ರೀಟ್, ಪ್ಯಾನಲ್ ಯಾರು ತೆಗೆಯಬೇಕು? ಹಳೆಯ ಪ್ಯಾನಲ್ ಈಗ ಇ-ತ್ಯಾಜ್ಯ ನಿಯಮ 2022ರ ಕೆಳಗೆ ಬರುತ್ತದೆ, ಹೊಲದಲ್ಲಿ ಬಿಟ್ಟು ಹೋಗುವ ಹಾಗಿಲ್ಲ. ಅಡಿಪಾಯ ಕಿತ್ತು ನೆಲ ಬಿತ್ತನೆಗೆ ಬರುವ ಹಾಗೆ ಮಾಡಿ ಕೊಡಬೇಕು, ಅದಕ್ಕೆ ಠೇವಣಿ ಈಗಲೇ ಇಡಬೇಕು ಅಂತ ಸೇರಿಸಿ. ಭೂಪರಿವರ್ತನೆ ಆದರೆ ಆ ಸರ್ವೆ ನಂಬರಿಗೆ ಬೆಳೆ ಸಾಲ, ಬೆಳೆ ವಿಮೆ ಸಿಗುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಂಟು ಎಕರೆಯನ್ನೂ ಒಂದೇ ಸಲ ಕೊಡಬೇಡಿ ಅನ್ನುವುದು ನನ್ನ ಸಲಹೆ.

ಅಕ್ಕಪಕ್ಕದವರು ಹೆದರಿ ಸಹಿ ಹಾಕಿದ್ದಾರೆ ಅಂದಿರಲ್ಲ, ಅವರ ಕಾಗದ ನೋಂದಣಿ ಆಗಿದೆಯಾ ನೋಡಿ. ಆಗಿಲ್ಲದಿದ್ದರೆ ಇನ್ನೂ ಮಾತಾಡಲು ಜಾಗ ಇದೆ. ಹತ್ತು ಜನ ಒಟ್ಟಾಗಿ ಕೂತರೆ ರೇಟು ಬೇರೆಯೇ ಆಗುತ್ತದೆ.


ಶಕ್ತಿನಗರ_ನಿವೃತ್ತ

ಎರಡನೆಯ ಪ್ರಶ್ನೆಗೆ ನಾನು. ದಾರಿ ಇದೆ, ಪಿಎಂ ಕುಸುಮ್. 2019ರ ಯೋಜನೆ, ಕಾಯ್ದೆ ಅಲ್ಲ. ಅದರ ಎ ವಿಭಾಗದಲ್ಲಿ ರೈತರು, ಸಹಕಾರ ಸಂಘ, ಪಂಚಾಯತಿ ತಮ್ಮದೇ ನೆಲದಲ್ಲಿ 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್ ತನಕ ಸೋಲಾರ್ ಹಾಕಿ ವಿತರಣಾ ಕಂಪನಿಗೆ ಮಾರಲು ಅವಕಾಶ ಇಟ್ಟಿದ್ದಾರೆ. ಸಬ್‌ಸ್ಟೇಷನ್ ಆದಷ್ಟು ಐದು ಕಿಲೋಮೀಟರ್ ಒಳಗಿರಬೇಕು. ಒಬ್ಬರಿಗೆ ಕೋಟಿ ಲೆಕ್ಕದ ಬಂಡವಾಳ ಕಷ್ಟ, ಐದಾರು ಮನೆ ಸೇರಿ ಸಂಘ ಮಾಡಿಕೊಂಡರೆ ಯೋಚಿಸಬಹುದು. ಬಿ ವಿಭಾಗ ಬೋರ್‌ವೆಲ್‌ಗೆ ಸೋಲಾರ್ ಪಂಪ್. ಮಸಾರಿ ಹೊಲಕ್ಕೆ ನೀರಿನ ಆಸೆ ಇದ್ದರೆ ಅದನ್ನು ಮೊದಲು ನೋಡಿ. ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್ ಕಚೇರಿಯಲ್ಲಿ ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಕೇಳಿಕೊಂಡು ಮುಂದುವರಿಯಿರಿ.


ಸಂಡೂರು_ಮಂಜು

ಇನ್ನೊಂದು ಕೆಲಸ ಊರಲ್ಲೇ ಆಗುತ್ತದೆ. ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993ರ ಕೆಳಗೆ ಕಟ್ಟಡ ಮತ್ತು ಕೃಷಿಯೇತರ ಜಮೀನಿನ ಮೇಲೆ ತೆರಿಗೆ ಹಾಕುವ ಅಧಿಕಾರ ಗ್ರಾಮ ಪಂಚಾಯತಿಗೆ ಇದೆ. ನಿಮ್ಮ ಪಂಚಾಯತಿ ವ್ಯಾಪ್ತಿಯಲ್ಲಿ ಈಗಾಗಲೇ ನಿಂತಿರುವ ಫ್ಯಾನ್‌ಗಳಿಂದ ಎಷ್ಟು ವಸೂಲಾಗಿದೆ ಅಂತ ಪಿಡಿಒ ಅವರನ್ನು ಲಿಖಿತವಾಗಿ ಕೇಳಿ. ಮಾಹಿತಿ ಹಕ್ಕಿನಲ್ಲಿ ಕೇಳಿದರೂ ಸರಿ. ಉತ್ತರ ಬಂದರೆ ಇಲ್ಲಿ ಹಾಕಿ, ಯಲಬುರ್ಗಾ ಕಡೆಯವರೂ ಕೇಳಲಿ, ಎಲ್ಲಾ ಸೇರಿಸಿ ಸಂಸದರಿಗೆ ಒಂದು ಮನವಿ ಬರೆಯೋಣ. ಕರಡು ನಾನು ಮಾಡುತ್ತೇನೆ.


ಗಂಗಾವತಿ_ರೈತ

ಕುಷ್ಟಗಿ ತಮ್ಮಾ, ಟವರಿನ ಕಾಗದದಲ್ಲಿ ಎಷ್ಟು ಕೆವಿ ಅಂತ ಬರೆದಿದ್ದಾರೆ, ನೋಡಿ ಹೇಳು. 66 ಅಥವಾ ಅದಕ್ಕಿಂತ ಮೇಲಿದ್ದರೆ ನಾನು ಜಿಲ್ಲಾಧಿಕಾರಿಗಳಿಗೆ ಕೊಟ್ಟ ಅರ್ಜಿಯ ಪ್ರತಿ ಕಳಿಸುತ್ತೇನೆ, ಹೆಸರು, ಸರ್ವೆ ನಂಬರ್ ಬದಲಾಯಿಸಿ ಕೊಟ್ಟರೆ ಆಯಿತು. ಬಿತ್ತನೆ ಶುರುವಾಗುವ ಮೊದಲೇ ಕೊಡಿ. ಬೆಳೆ ನಿಂತ ಮೇಲೆ ಅವರು ಜೆಸಿಬಿ ತರುತ್ತಾರೆ.